ಸ್ಪೀಕರಿನ ಮೇಲೆ ಟಾರ್ಪಾಲು

ನಮ್ಮ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗೊತ್ತಾಗುವಂಥದ್ದಲ್ಲ. ಒಂದು ಮಳೆಗಾಲ ಮುಗಿಯುತ್ತಿದ್ದಂತೆ ಶುರುವಾಗಿ, ಮುಂದಿನ ಮಳೆಗಾಲ ಹಿಡಿಯುವ ಮೊದಲೇ ನಿಂತುಹೋದ ರಾಕ್ ಬ್ಯಾಂಡು ಅದು. ಮೂಡಿಗೆರೆ ತಾಲ್ಲೂಕಿನಲ್ಲಿ ನಮಗಿಂತ ಮೊದಲು ಅಂಥದ್ದು ಇತ್ತೋ ಇಲ್ಲವೋ ಗೊತ್ತಿಲ್ಲ. ನಮ್ಮ ನಂತರ ಹುಟ್ಟಿಲ್ಲ ಅನ್ನುವುದಂತೂ ಖಾತ್ರಿ. ಹುಟ್ಟಿದ್ದರೆ ಸ್ಪೀಕರು ಬಾಡಿಗೆಗೆ ನನ್ನ ಹತ್ತಿರವೇ ಬರಬೇಕಿತ್ತು.

ಕೊಟ್ಟಿಗೆಹಾರದಲ್ಲಿ ನನ್ನದೊಂದು ಸೌಂಡ್ಸ್ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಗಣಪತಿ, ಶಾಲಾ ವಾರ್ಷಿಕೋತ್ಸವ, ಚುನಾವಣೆಯ ಭಾಷಣ, ಎಲ್ಲದಕ್ಕೂ ಮೈಕು, ಸ್ಪೀಕರು, ಲೈಟು, ಜನರೇಟರು ಒದಗಿಸುವುದು ನನ್ನ ಹೊಟ್ಟೆಪಾಡು. ಊರಿನವರೆಲ್ಲ ಸ್ಪೀಕರಿಗೆ ಬಾಕ್ಸ್ ಅನ್ನುತ್ತಾರೆ. ಬ್ಯಾಂಡು ಶುರುವಾದ ವರ್ಷವೇ ನಾನು ಹೊಸ ಜೋಡಿ ಬಾಕ್ಸ್ ತಂದಿದ್ದೆ. ಅವುಗಳ ಮೇಲೆ ನನಗೆ ಎಂಥ ಮೋಹ ಅಂದರೆ, ಹೆಣ್ಣು ನೋಡಲು ಹೋದ ಮನೆಯಲ್ಲೂ ಅವುಗಳ ಸುದ್ದಿಯೇ ಮಾತಾಡಿ ಎದ್ದು ಬಂದವನು ನಾನು. ಸಂಬಂಧ ಕೂಡಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಬ್ಯಾಂಡಿನಲ್ಲಿ ನಾವು ಮೂರೇ ಜನ. ಡ್ರಮ್ಸ್ ಬಾರಿಸುವವನು ಜೀಪಿನವನು, ದೇವರಮನೆ ಗುಡ್ಡಕ್ಕೆ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಬರುವುದು ಅವನ ಕೆಲಸ. ನನ್ನ ಸಾಮಾನು ಸಾಗಿಸಲು ಆಗಾಗ ಅವನ ಜೀಪನ್ನೇ ಕರೆಯುತ್ತಿದ್ದೆ. ಬಾಕ್ಸ್ ಇಳಿಸುವ ಮೊದಲು ಅದರ ಮೇಲೆ ಬೆರಳಲ್ಲಿ ತಾಳ ಹಾಕುವುದು ಅವನ ಚಟ. ಒಂದು ಸಲ ಬೈಯಲು ಹೋದವನು ಕೇಳುತ್ತಾ ನಿಂತುಬಿಟ್ಟೆ. ಹಾಡುವುದು, ಗಿಟಾರು ನುಡಿಸುವುದು ಟೀಚರು. ಊರು ಕಳಸ, ಮೂಡಿಗೆರೆಯ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದರು. ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕು ಕಟ್ಟಲು ಹೋದಾಗ ಪರಿಚಯ. ನಾನು ಬೇಸ್ ಗಿಟಾರು. ನಾಲ್ಕೇ ತಂತಿ ಇದೆ, ಹೇಗೋ ಸುಧಾರಿಸಬಹುದು ಅನ್ನುವ ಸೋಮಾರಿತನದಿಂದ ಆರಿಸಿಕೊಂಡ ವಾದ್ಯ ಅದು.

ರಾಕಿನ ಹುಚ್ಚು ಟೀಚರದು. ಎಲ್ಲಿಂದಲೋ ಅವರಿಗೆ ಸ್ಕಾಟ್‌ಲೆಂಡಿನ ಒಂದು ಬ್ಯಾಂಡು ಸಿಕ್ಕಿತ್ತು. ಎರಡು ಆಲ್ಬಂ ಮಾಡಿ, ಒಂದಿಷ್ಟು ಊರು ಸುತ್ತಿ, ಸದ್ದಿಲ್ಲದೆ ಮುಗಿದುಹೋದ ಬ್ಯಾಂಡು. ಅದರ ವಿಡಿಯೋಗಳನ್ನು ನೋಡಿದವರಿಗಿಂತ ನಮ್ಮೂರಿಗೆ ನುಗ್ಗಿದ ಆನೆಯ ವಿಡಿಯೋ ನೋಡಿದವರು ಹೆಚ್ಚು. ಈ ಕಡೆಯ ಹಳೇ ಎಸ್ಟೇಟುಗಳನ್ನು ಮಾಡಿದವರಲ್ಲಿ ಸ್ಕಾಟ್‌ಲೆಂಡಿನ ದೊರೆಗಳೂ ಇದ್ದರು, ಅವರು ನೆಟ್ಟ ಕಾಫಿ ಒಗ್ಗಿದ ಮಣ್ಣಿಗೆ ಅವರ ಹಾಡೂ ಒಗ್ಗುತ್ತದೆ ಎಂಬುದು ಟೀಚರ ವಾದ. ವಿಜ್ಞಾನದವರು ಹೀಗೂ ಯೋಚಿಸುತ್ತಾರಾ ಅಂತ ನನಗೆ ಆಶ್ಚರ್ಯ. ಆ ಬ್ಯಾಂಡಿನ ಹಾಡುಗಾರ ಮುದುಕನಾದ ಮೇಲೆ ಕೊಟ್ಟ ಒಂದು ಸಂದರ್ಶನವನ್ನು ಅವರು ನಮಗೆ ತೋರಿಸಿದ್ದರು. ಬ್ಯಾಂಡು ಯಾಕೆ ಒಡೆಯಿತು ಅಂತ ಕೇಳಿದ್ದಕ್ಕೆ, ಒಡೆಯಲಿಲ್ಲ, ಒಂದು ವಾರ ಯಾರೂ ಯಾರಿಗೂ ಫೋನು ಮಾಡಲಿಲ್ಲ, ಅಷ್ಟೇ ಅಂದಿದ್ದ. ಟೀಚರು ಕನ್ನಡದಲ್ಲಿ ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಇಂಥ ದಂಡಪಿಂಡಗಳೂ ಇರುತ್ತಾರಾ ಅಂದುಕೊಂಡೆವು.

ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಡ್ರಮ್ಮರನ ಮನೆಯಲ್ಲಿ. ಜಾವಳಿಯಿಂದ ಸ್ವಲ್ಪ ಒಳಗೆ. ಮನೆ ಚಿಕ್ಕದು, ಎದುರಿಗೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಮಾತ್ರ ವಿಶಾಲ. ಕಣದ ಪಕ್ಕದ ಶೆಡ್ಡಿನಲ್ಲಿ ಪ್ರತಿ ಭಾನುವಾರ ನಮ್ಮ ಗಲಾಟೆ. ಅವನ ತಂದೆ ತೀರಿಕೊಂಡ ಮೇಲೆ ತೋಟವನ್ನು ನೋಡಿಕೊಳ್ಳುತ್ತಿದ್ದದ್ದು ತಾಯಿ. ನಾವೆಲ್ಲ ಅಮ್ಮ ಅಂತಲೇ ಕರೆಯುತ್ತಿದ್ದೆವು. ಮೊದಲನೇ ಭಾನುವಾರ ನಾನು ಸಂಕೋಚದಿಂದ, ತೊಂದರೆಯಾಯಿತೇನೋ ಅಂದೆ.

"ಎಂತ ತೊಂದ್ರೆ ಮಾರಾಯ? ನೀವು ಶುರು ಮಾಡಿದ್ಮೇಲೆ ಮಂಗ ಒಂದೂ ತೋಟದ ಕಡೆ ತಲೆ ಹಾಕಿಲ್ಲ. ದಿನಾ ಬಂದು ಬಾರ್ಸಿ," ಅಂದರು.

ನಮ್ಮ ಸಂಗೀತಕ್ಕೆ ಸಿಕ್ಕ ಮೊದಲ ವಿಮರ್ಶೆ ಅದೇ. ಅದಕ್ಕಿಂತ ಒಳ್ಳೆಯದು ಮುಂದೆಯೂ ಸಿಗಲಿಲ್ಲ. ಒಂದು ಮದುವೆಯ ಆರತಕ್ಷತೆಯಲ್ಲಿ ಬಾರಿಸಿದೆವು. ಎರಡನೇ ಹಾಡಿಗೇ ಹುಡುಗಿಯ ಸೋದರಮಾವ ವೇದಿಕೆ ಹತ್ತಿ, "ನಿಧಾನದ್ದು ಏನಾದ್ರೂ ಇದ್ರೆ ಹಾಡಿ ಮಾರಾಯ್ರೆ, ಊಟ ಗಂಟ್ಲಲ್ಲಿ ಇಳೀತಿಲ್ಲ," ಅಂದರು. ಟೀಚರ ಶಾಲೆಯಲ್ಲಿ ಬಾರಿಸಿದಾಗ ಮಕ್ಕಳು ಕುಣಿದರು, ಹೆಡ್‌ಮಾಸ್ತರರು ಕಿವಿಗೆ ಬೆರಳಿಟ್ಟುಕೊಂಡೇ ನಗುಮುಖ ಮಾಡಿ ಕುಳಿತಿದ್ದರು. ಕೊಟ್ಟಿಗೆಹಾರದ ಹತ್ತಿರದ ಒಂದು ಹೋಂಸ್ಟೇಯಲ್ಲಿ ಅತಿಥಿಗಳು ಸಿನಿಮಾ ಹಾಡು ಕೇಳಿದರು. ನಾವು ಆರ್ಕೆಸ್ಟ್ರಾ ಅಲ್ಲ ಅಂತ ಟೀಚರು ಮುಖ ಸಿಂಡರಿಸಿದರು. ಆರ್ಕೆಸ್ಟ್ರಾಗಳಿಗೆ ಬಾಕ್ಸ್ ಕೊಟ್ಟೇ ಬದುಕುವ ನನಗೆ ಅದು ಚುರುಕ್ಕೆಂದಿತು. ದಾರಿಯುದ್ದಕ್ಕೂ ಜೀಪಿನಲ್ಲಿ ಜಗಳವಾಡಿಕೊಂಡು ಬಂದೆವು. ಚೆನ್ನಾಗಿತ್ತು ಆ ಜಗಳ. ಅಷ್ಟು ಹತ್ತಿರದವರ ಜೊತೆ ಮಾತ್ರ ಆಡಬಹುದಾದ ಜಗಳ.

ಟೀಚರು ತಾವೇ ಹಾಡು ಕಟ್ಟುತ್ತಿದ್ದರು, ಕನ್ನಡದಲ್ಲಿ. ರಕ್ತ ಹೀರುವ ಇಂಬಳ ಕಚ್ಚಿದ್ದರ ಮೇಲೊಂದು, ಬಾರದ ಬಸ್ಸಿಗೆ ಕಾಯುವುದರ ಮೇಲೊಂದು. ಬಸ್ಸಿನ ಹಾಡಿನಲ್ಲಿ ಡ್ರಮ್ಮರು ಗೇರು ಬದಲಿಸುವ ಹಾಗೆ ಲಯ ಬದಲಿಸುತ್ತಿದ್ದ. ಅದು ನಿಜವಾಗಿಯೂ ಒಳ್ಳೆಯ ಹಾಡು. ಈಗಲೂ ಹೇಳುತ್ತೇನೆ, ಅಷ್ಟು ಒಳ್ಳೆಯದನ್ನು ಮಾಡುವ ಯೋಗ್ಯತೆ ನನಗೆ ಒಬ್ಬನಿಗೇ ಇರಲಿಲ್ಲ.

ಅದೇ ವರ್ಷ ಅಮ್ಮನಿಗೂ ಒಂದು ಹುಚ್ಚು ಹಿಡಿದಿತ್ತು. ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು ಪೊಟ್ಟಣ ಮಾಡಿ ಮಾರುವ ಯುವಕನೊಬ್ಬ ಡ್ರಮ್ಮರನ ಜೀಪಿನಲ್ಲಿ ದೇವರಮನೆಗೆ ಹೋಗಿದ್ದ. ಮಾತಿಗೆ ಮಾತು ಬೆಳೆದು ಮನೆಗೂ ಬಂದ. ತೋಟ ಸುತ್ತಿದ. ಬರೀ ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ಹದವಾಗಿ ಒಣಗಿಸಿಕೊಟ್ಟರೆ ಬೇರೆಯವರದರ ಜೊತೆ ಬೆರೆಸದೆ ಪ್ರತ್ಯೇಕವಾಗಿ ಹುರಿಯುತ್ತೇನೆ, ಪೊಟ್ಟಣದ ಮೇಲೆ ನಿಮ್ಮ ಹೆಸರನ್ನೇ ಹಾಕುತ್ತೇನೆ ಅಂದ. ಅಮ್ಮ ಅಲ್ಲಿಯವರೆಗೆ ಬೆಳೆದ ಕಾಫಿಯೆಲ್ಲ ಮೂಟೆಯಲ್ಲಿ ವ್ಯಾಪಾರಿಯ ಗೋಡೌನಿಗೆ ಹೋಗಿ ಊರಿನವರ ಕಾಫಿಯೊಳಗೆ ಸೇರಿ ಗುರುತಿಲ್ಲದಂತಾಗುತ್ತಿತ್ತು. ತೋಟ ಗಂಡನ ಹೆಸರಿನಲ್ಲಿತ್ತು, ಮನೆ ಮಾವನ ಹೆಸರಿನಲ್ಲಿತ್ತು. ತಮ್ಮ ಹೆಸರು ಯಾವುದರ ಮೇಲಾದರೂ ಅಚ್ಚಾಗುತ್ತದೆ ಅನ್ನುವುದನ್ನು ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ.

ಬುಟ್ಟಿಯಲ್ಲಿ ಒಂದು ಹಸಿರುಗಾಯಿ ಕಂಡರೂ ಕೊಯ್ಯುವವರ ಮೇಲೆ ರೇಗುತ್ತಿದ್ದರು. ಮೊದಲು ಎಂದೂ ರೇಗಿದವರಲ್ಲ. ಕಣದಲ್ಲಿ ಹರಡಿದ ಹಣ್ಣನ್ನು ಮರದ ಹಲಗೆಯಿಂದ ಮತ್ತೆ ಮತ್ತೆ ಕೆದಕುತ್ತಿದ್ದರು. ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಸಿಪ್ಪೆಯೊಳಗೆ ಬೀಜ ಸದ್ದು ಮಾಡುತ್ತದೋ ಇಲ್ಲವೋ ಅಂತ ಕೇಳುತ್ತಿದ್ದರು. ನಾವು ಶೆಡ್ಡಿನಲ್ಲಿ ಬಾರಿಸುವಾಗ ಅವರು ಕಣದಲ್ಲಿ ಹಿಡಿ ಅಲ್ಲಾಡಿಸುತ್ತಾ ನಿಂತಿರುತ್ತಿದ್ದರು. "ಸ್ವಲ್ಪ ನಿಲ್ಸಿ ಮಾರಾಯ್ರೆ, ನನ್ನ ಕಾಫಿ ಕೇಳ್ತಾ ಇಲ್ಲ," ಅಂತ ಕೂಗುತ್ತಿದ್ದರು. ಅಮ್ಮನೂ ಬ್ಯಾಂಡಿಗೆ ಸೇರಿಕೊಂಡರು ಅಂತ ಮಗ ತಮಾಷೆ ಮಾಡುತ್ತಿದ್ದ. ಒಂದು ದಿನ ಅಮ್ಮ ಟೀಚರ ಹತ್ತಿರ ಗುಟ್ಟಾಗಿ, ಪೊಟ್ಟಣದ ಮೇಲೆ ಹೆಸರನ್ನು ತವರಿನ ಇನಿಷಿಯಲ್ ಹಾಕಿ ಬರೆಸಲೋ, ಗಂಡನ ಮನೆಯದು ಹಾಕಿ ಬರೆಸಲೋ ಅಂತ ಕೇಳಿದರಂತೆ. ಇನಿಷಿಯಲ್ಲೇ ಬೇಡ, ಬರೀ ಹೆಸರು ಹಾಕಿಸಿ ಅಂತ ಟೀಚರು ಹೇಳಿದರಂತೆ. ಅವತ್ತಿಡೀ ಅಮ್ಮ ನಗುತ್ತಲೇ ಇದ್ದರು.

ಸಂಕ್ರಾಂತಿ ಮುಗಿದಿತ್ತು. ಬೆಂಗಳೂರಿನಲ್ಲಿ ಹೊಸ ಬ್ಯಾಂಡುಗಳಿಗೆ ಅಂತ ಒಂದು ಕಾರ್ಯಕ್ರಮ ಇದೆ, ವಿಡಿಯೋ ಕಳಿಸಿದರೆ ಅದನ್ನು ನೋಡಿ ಆರಿಸುತ್ತಾರೆ ಅಂತ ಟೀಚರು ಸುದ್ದಿ ತಂದರು. ಬಸ್ಸಿನ ಹಾಡನ್ನೇ ಕಳಿಸುವುದು ಅಂತಾಯಿತು. ಎಲ್ಲಿ ಚಿತ್ರೀಕರಿಸುವುದು? ಕಾಫಿಯ ಕಣದಲ್ಲೇ ಮಾಡೋಣ, ಸುತ್ತ ಹರಡಿದ ಕಾಫಿ, ನಡುವೆ ನಾವು, ಬೆಂಗಳೂರಿನವರು ಬೆರಗಾಗಬೇಕು ಅಂದೆ. ಹೌದು, ನಾನೇ ಅಂದದ್ದು. ಮದುವೆ ವಿಡಿಯೋ ತೆಗೆಯುವ ಮೂಡಿಗೆರೆಯ ಗೆಳೆಯನನ್ನು ಗೊತ್ತು ಮಾಡಿದವನೂ ನಾನೇ.

ಅಮ್ಮ ಮರುಮಾತಿಲ್ಲದೆ ಅರ್ಧ ಕಣ ಬಿಟ್ಟುಕೊಟ್ಟರು. ಕಾಫಿಯನ್ನು ಉಳಿದರ್ಧಕ್ಕೆ ಎಳೆದು ಹರಡಿದರು. ಇನ್ನೆರಡು ಬಿಸಿಲು ಸಿಕ್ಕಿದ್ದರೆ ಒಣಗಿ ಮುಗಿಯುತ್ತಿತ್ತು. ಚಿಕ್ಕಮಗಳೂರಿನ ಯುವಕ ಅದೇ ವಾರ ಬಂದು ಒಯ್ಯುವುದಿತ್ತು.

ವಿಡಿಯೋದವನು ಬಂದು ಕ್ಯಾಮೆರಾದೊಳಗೆ ನೋಡಿ, ಹಿಂದುಗಡೆ ಬಚ್ಚಲುಮನೆ ಕಾಣುತ್ತೆ, ಸೌದೆ ಒಟ್ಟಿದ್ದು ಕಾಣುತ್ತೆ, ಒಣಗಿಸಿದ ಬಟ್ಟೆ ಕಾಣುತ್ತೆ, ಹಿಂದೆ ಒಂದೇ ಬಣ್ಣದ್ದು ಏನಾದರೂ ಬೇಕು ಅಂದ. ಕಣದ ಮೂಲೆಯಲ್ಲಿ ಮಡಿಸಿಟ್ಟ ಎರಡು ನೀಲಿ ಟಾರ್ಪಾಲುಗಳಿದ್ದವು. ನನ್ನ ಕಣ್ಣು ಅವುಗಳ ಮೇಲೆ ಬಿತ್ತು. ಕಾಫಿ ಒಣಗಿಸುವವರ ಮನೆಯಲ್ಲಿ ಟಾರ್ಪಾಲು ಯಾವಾಗಲೂ ಕಣದ ಮೂಲೆಯಲ್ಲೇ ಇರುತ್ತದೆ, ಮಳೆ ಬಂದರೆ ಕಾಫಿಗೆ ಹೊದಿಸಲು ಕೈಗೆ ಸಿಗುವಂತೆ. ಅದನ್ನು ಬೇರೆ ಕೆಲಸಕ್ಕೆ ಕೇಳುವವರಿಲ್ಲ. ನಾನು ಕೇಳಿದೆ.

ಅಮ್ಮ ಒಮ್ಮೆ ಆಕಾಶ ನೋಡಿದರು. "ತಗೊಳ್ಳಿ. ಮೋಡ ಕಟ್ಟಿದ ಕೂಡ್ಲೆ ಬಿಚ್ಚಿ ಕೊಡ್ಬೇಕು ಮತ್ತೆ."

"ನನ್ನ ಜವಾಬ್ದಾರಿ ಅಮ್ಮ, ನೀವು ಆರಾಮಾಗಿರಿ," ಅಂದೆ.

ಒಂದನ್ನು ಪರದೆಯ ಹಾಗೆ ಹಿಂದೆ ಕಟ್ಟಿದೆವು. ಇನ್ನೊಂದನ್ನು ಬಿಸಿಲಿಗೆ ಮರೆಯಾಗಲಿ ಅಂತ ಬಾಕ್ಸ್ ಮತ್ತು ಸೌಂಡ್ ಮಿಕ್ಸರಿನ ಮೇಲೆ ಚಪ್ಪರದಂತೆ ಎಳೆದೆವು. ಆಮೇಲೆ ಬ್ಯಾಂಡಿನ ಹೆಸರು, ನಮ್ಮ ಮೂರು ಮುಖ ಇದ್ದ ಫ್ಲೆಕ್ಸ್ ಬ್ಯಾನರನ್ನು ಎದುರಿಗೆ ಕಟ್ಟಿದೆವು. ಅಕ್ಕಪಕ್ಕದ ಮನೆಯವರೆಲ್ಲ ಮಧ್ಯಾಹ್ನದ ಊಟ ಮುಗಿಸಿ ಬಂದು ಕುಳಿತರು. ಗಡಿಯ ಬೇಲಿಗಾಗಿ ಜಗಳವಾಡಿ ಡ್ರಮ್ಮರನ ಮನೆಯವರ ಜೊತೆ ಮಾತು ಬಿಟ್ಟಿದ್ದ ಪಕ್ಕದ ತೋಟದ ಯಜಮಾನರೂ ತಮ್ಮ ಬೇಲಿಯ ಆಚೆಯೇ ನಿಂತು ನೋಡುತ್ತಿದ್ದರು.

ಅವತ್ತು ನಾವು ಬಾರಿಸಿದ ಹಾಗೆ ಹಿಂದೆ ಬಾರಿಸಿರಲಿಲ್ಲ. ಮೊದಲನೇ ಟೇಕು ಚೆನ್ನಾಗಿ ಬಂತು, ಎರಡನೆಯದು ಇನ್ನೂ ಚೆನ್ನಾಗಿ. ಅಷ್ಟರಲ್ಲಿ ದೇವರಮನೆ ಗುಡ್ಡದ ಕಡೆ ಕಪ್ಪಾಗಿತ್ತು. ಫೋನಿನಲ್ಲಿ ಮಳೆಯ ಸುಳಿವಿರಲಿಲ್ಲ. ಆದರೆ ನನಗೇನು ಫೋನು ನೋಡಿ ಮೋಡ ತಿಳಿಯಬೇಕೇ? ಹುಟ್ಟಿದಾಗಿನಿಂದ ಇದೇ ಆಕಾಶದ ಕೆಳಗೆ ಇದ್ದೇನೆ. ಡ್ರಮ್ಮರು ಕಡ್ಡಿ ಕೆಳಗಿಟ್ಟು ಮೇಲೆ ನೋಡಿದ.

"ಟಾರ್ಪಾಲ್ ಬಿಚ್ಚುವನಾ?" ಅಂದ.

"ಇದೊಂದ್ ಟೇಕ್ ಆಗ್ಲಿ ಮಾರಾಯ," ಅಂದೆ ನಾನು.

ಅವನು ತಾಯಿಯ ಕಡೆ ನೋಡಿದ. ಅಮ್ಮ ನನ್ನ ಕಡೆ ನೋಡಿದರು. ಜವಾಬ್ದಾರಿ ನನ್ನದು ಅಂದಿದ್ದೆನಲ್ಲ. ಅವನು ಕಡ್ಡಿ ಎತ್ತಿಕೊಂಡ.

ಹಾಡಿನ ನಡುವೆ ಮಳೆ ಬಂತು. ಹನಿ ಹಾಕಿ ಎಚ್ಚರಿಸಿ ಬರುವ ಮಳೆಯಲ್ಲ, ಒಮ್ಮೆಲೇ ಸುರಿಯಿತು.

ನಮ್ಮ ಕಡೆ ಒಂದು ರೂಢಿ ಇದೆ. ಯಾರೂ ಅದನ್ನು ಕಲಿಸುವುದಿಲ್ಲ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಕಣದಲ್ಲಿ ಕಾಫಿ ಇದ್ದು ಮಳೆ ಬಂದರೆ ಕಂಡವರೆಲ್ಲ ಓಡಬೇಕು. ಯಾರ ಕಣ ಅನ್ನುವ ಪ್ರಶ್ನೆಯಿಲ್ಲ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಓಡಿ ಬರುತ್ತಾರೆ, ಊಟಕ್ಕೆ ಕುಳಿತವರು ಎಂಜಲು ಕೈಯಲ್ಲೇ ಬರುತ್ತಾರೆ. ಎಳೆದು ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಆಮೇಲೆ ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಥ್ಯಾಂಕ್ಸ್ ಹೇಳಿದರೆ ನಗುತ್ತಾರೆ. ನಾನೂ ಎಷ್ಟೋ ಸಲ ಹಾಗೆ ಓಡಿದ್ದೇನೆ, ಹೆಸರು ಗೊತ್ತಿಲ್ಲದವರ ಕಣಗಳಿಗೆ.

ಟೀಚರು ಗಿಟಾರನ್ನು ನೆಲಕ್ಕೆ ಹಾಕಿ ಓಡಿದರು. ಅವರು ಎಷ್ಟೋ ವರ್ಷ ಆಸೆಪಟ್ಟು ಕೊಂಡ ಗಿಟಾರು, ಮಳೆಯಲ್ಲಿ ಅಂಗಾತ ಬಿದ್ದಿತ್ತು. ಡ್ರಮ್ಮರು ಡ್ರಮ್ಮುಗಳನ್ನು ಹಾರಿಕೊಂಡೇ ಹೋದ. ನೋಡಲು ಬಂದವರೆಲ್ಲ ಸೀರೆ, ಪಂಚೆ ಎತ್ತಿ ಕಟ್ಟಿ ಕಣಕ್ಕಿಳಿದರು. ಪಕ್ಕದ ತೋಟದ ಯಜಮಾನರು ಬೇಲಿ ದಾಟಿ, ತಮ್ಮ ಮನೆಯ ಗೋಣಿಚೀಲಗಳನ್ನು ಹೊತ್ತುಕೊಂಡು ಬಂದರು. ವಿಡಿಯೋದವನು ಕೂಡ ಕ್ಯಾಮೆರಾವನ್ನು ಅಂಗಿಯೊಳಗೆ ತುರುಕಿಕೊಂಡು ಒಂದೇ ಕೈಯಲ್ಲಿ ಕಾಫಿ ಎಳೆಯುತ್ತಿದ್ದ.

ನಾನು ಮೇಲಿನ ಟಾರ್ಪಾಲನ್ನು ಎಳೆದು ಬಾಕ್ಸಿನ ಮೇಲೆ ಹೊದಿಸಿದೆ. ಹಿಂದಿನ ಪರದೆಯನ್ನೂ ಕಿತ್ತು ಮಿಕ್ಸರಿನ ಮೇಲೆ ಸುತ್ತಿದೆ. ಗಾಳಿಗೆ ಹಾರಬಾರದು ಅಂತ ಅದರ ಮೇಲೆ ಕವುಚಿ ಮಲಗಿದೆ.

ಕರೆಂಟಿನ ಭಯ ಇತ್ತು, ನೆನೆದಿದ್ದರೆ ಯಾರಿಗಾದರೂ ಶಾಕ್ ಹೊಡೆಯುತ್ತಿತ್ತು ಅಂತ ಆಮೇಲೆ ನಾಲ್ಕು ಜನರ ಹತ್ತಿರ ಹೇಳಿಕೊಂಡೆ. ಅವರು ಹೌದು ಹೌದು ಅಂದರು. ಸುಳ್ಳು. ಮೊದಲನೇ ಹನಿಗೇ ಜನರೇಟರು ಆಫ್ ಮಾಡಿದ್ದೆ. ಕರೆಂಟು ಇರಲಿಲ್ಲ, ಭಯವೂ ಇರಲಿಲ್ಲ. ನನ್ನ ಬಾಕ್ಸ್ ನೆನೆಯಬಾರದು ಅನ್ನುವುದೊಂದೇ ಇತ್ತು. ಗೊಂದಲದಲ್ಲಿ ಏನೋ ಮಾಡಿಬಿಟ್ಟೆ ಅಂತ ಹೇಳಲೂ ನನಗೆ ಬಾಯಿಲ್ಲ. ಅಷ್ಟು ಸ್ಪಷ್ಟವಾಗಿ ನಾನು ಜೀವನದಲ್ಲಿ ಯೋಚಿಸಿದ್ದೇ ಕಡಿಮೆ.

"ಟಾರ್ಪಾಲ್ ಎಲ್ಲಿ? ಟಾರ್ಪಾಲ್ ತನ್ನಿ!" ಅಂತ ಯಾರೋ ಕೂಗುತ್ತಿದ್ದರು. ಡ್ರಮ್ಮರು ಓಡುತ್ತಾ ನನ್ನ ಹತ್ತಿರ ಬಂದ. ನಾನು ಮಲಗಿದ್ದನ್ನು ನೋಡಿದ. ಒಂದು ಕೈ ಹಾಕಿ ಎಳೆದಿದ್ದರೆ ಬರುತ್ತಿತ್ತು, ನನಗಿಂತ ಗಟ್ಟಿ ಆಳು ಅವನು. ಎಳೆಯಲಿಲ್ಲ. ನಾನು ಏನಾದರೂ ಮಾಡುತ್ತೇನೆ ಅಂತ ಕಾದನೋ, ಸ್ನೇಹಕ್ಕೆ ಕಟ್ಟುಬಿದ್ದನೋ ಗೊತ್ತಿಲ್ಲ. ಒಂದು ಕ್ಷಣ ನಿಂತು, ಎದುರಿಗಿದ್ದ ಫ್ಲೆಕ್ಸ್ ಬ್ಯಾನರನ್ನು ಕಿತ್ತುಕೊಂಡು ಹೋದ.

ಅವರು ಆ ಬ್ಯಾನರನ್ನು ರಾಶಿಯ ಮೇಲೆ ಹೊದಿಸಿದರು. ಸಾಲಲಿಲ್ಲ. ಗೋಣಿ ಹಾಕಿದರು, ಮನೆಯೊಳಗಿನಿಂದ ಕಂಬಳಿ ತಂದು ಹಾಕಿದರು. ಅಮ್ಮ ತಮ್ಮ ಟ್ರಂಕು ತೆರೆದು ಸೀರೆಗಳನ್ನು ತಂದು ಹಾಕಿದರು. ಬಟ್ಟೆ ಎಷ್ಟು ನೀರು ತಡೆಯುತ್ತದೆ? ಬ್ಯಾನರಿನಲ್ಲಿ ನಮ್ಮ ಮೂರು ಮುಖಗಳ ಮೇಲೆ ನೀರು ನಿಂತು, ತಗ್ಗಿ, ನಡುವೆ ತೂತಾಗಿ ಕಾಫಿಯೊಳಗೇ ಇಳಿಯಿತು.

ಮಳೆ ಬಂದ ಹಾಗೇ ನಿಂತಿತು. ಎಲ್ಲರೂ ಒದ್ದೆಯಾಗಿ ಜಗಲಿಯಲ್ಲಿ ನಿಂತಿದ್ದರು. ನಾನು ಟಾರ್ಪಾಲು ಸರಿಸಿ ಬಾಕ್ಸ್ ಮುಟ್ಟಿ ನೋಡಿದೆ. ನೆನೆದಿರಲಿಲ್ಲ. ಆಗಲೇ ನಾನು ತಲೆ ಎತ್ತಿದ್ದು. ಅಮ್ಮ ಎಲ್ಲರಿಗೂ ಬಿಸಿ ಕಾಫಿ ಮಾಡಿ ತಂದರು. ನನಗೂ ಒಂದು ಲೋಟ ಕೊಟ್ಟರು.

"ನಿನ್ನ ಬಾಕ್ಸಿಗೆ ನೀರು ಹೋಗ್ಲಿಲ್ಲ ತಾನೆ?" ಅಂತ ಕೇಳಿದರು.

ಕೊಂಕು ಅಲ್ಲ. ಕೊಂಕಾಗಿದ್ದರೆ ನಾನು ಬಚಾವಾಗುತ್ತಿದ್ದೆ. ನನಗೆ ಕೋಪ ಬೇಗ ಬರುತ್ತದೆ, ಮಾತಿಗೆ ಮಾತು ಕೊಟ್ಟು ಹೊರಗೆ ಬಂದುಬಿಡುತ್ತಿದ್ದೆ. ಅವರು ನಿಜವಾಗಿ ಕೇಳಿದರು. ತಮ್ಮದು ಹೋಯಿತು, ಇವನದಾದರೂ ಉಳಿಯಿತಲ್ಲ ಅನ್ನುವ ಹಾಗೆ ಕೇಳಿದರು. ಇಲ್ಲ ಅಮ್ಮ ಅಂದೆ. ಸದ್ಯ ಅಂದರು.

ಮುಂದಿನ ದಿನಗಳಲ್ಲೂ ಮೋಡ ಹರಿಯಲಿಲ್ಲ. ಕಾಫಿಗೆ ಮುಗ್ಗಲು ವಾಸನೆ ಹತ್ತಿತು. ಚಿಕ್ಕಮಗಳೂರಿನ ಯುವಕ ಬಂದು ಒಂದು ಹಿಡಿ ಮೂಗಿಗೆ ಹಿಡಿದ. ಒಳ್ಳೆಯವನೇ, ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲವಂತೆ. ಮುಂದಿನ ವರ್ಷ ನೋಡೋಣ ಅಮ್ಮ ಅಂದು ಹೋದನಂತೆ. ಕಾಫಿ ಎಂದಿನಂತೆ ವ್ಯಾಪಾರಿಯ ಗೋಡೌನಿಗೆ, ಕಳಪೆಯ ಮೂಟೆಗಳ ಜೊತೆ ಹೋಯಿತು. ಪೊಟ್ಟಣ ಅಚ್ಚಾಗಲಿಲ್ಲ.

ಇದು ನಾನು ಈಗ ಬಿಚ್ಚಿ ಹೇಳುತ್ತಿರುವ ಗುಟ್ಟೇನಲ್ಲ. ಆ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ, ಅದೂ ತಮಾಷೆಗೆ. ಹೋಟೆಲಿನಲ್ಲಿ ನನ್ನನ್ನು ಕಂಡರೆ, "ಮಳೆ ಬರೋ ಹಾಗಿದೆ ಮಾರಾಯ, ಬಾಕ್ಸ್ ಮೇಲೆ ಮಲಗ್ಲಿಲ್ವಾ?" ಅನ್ನುತ್ತಾರೆ. ನಾನೂ ನಗುತ್ತೇನೆ. ಯಾರಾದರೂ ಒಬ್ಬರು ಕಾಲರ್ ಹಿಡಿದು ಕೇಳಿದ್ದರೆ ಬಾಕಿ ತೀರಿದ ಹಾಗಾಗುತ್ತಿತ್ತೇನೋ. ನಮ್ಮ ಕಡೆಯ ಜನ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗೌರವದಿಂದಲೇ ಮಾತಾಡಿಸುತ್ತಾರೆ.

ಬ್ಯಾಂಡು ಅವತ್ತು ಒಡೆಯಲಿಲ್ಲ. ನಾವು ಯಾರೂ ಜಗಳವಾಡಲಿಲ್ಲ. ಮುಂದಿನ ಭಾನುವಾರ ಟೀಚರಿಗೆ ಪರೀಕ್ಷೆಯ ಕೆಲಸ ಇತ್ತು. ಅದರ ಮುಂದಿನ ವಾರ ನನಗೆ ಮದುವೆ ಆರ್ಡರು. ಆಮೇಲೆ ಯಾರೂ ಫೋನು ಮಾಡಲಿಲ್ಲ. ಸ್ಕಾಟ್‌ಲೆಂಡಿನ ಆ ಮುದುಕನ ಮಾತಿಗೆ ನಕ್ಕದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಅವನೂ ಏನನ್ನಾದರೂ ನುಂಗಿಕೊಂಡೇ ಹಾಗೆ ಹೇಳಿದ್ದನೋ ಏನೋ. ಟೀಚರು ವರ್ಷದ ಕೊನೆಗೆ ಕಳಸದ ಕಡೆಯ ಶಾಲೆಗೆ ಸೇರಿಕೊಂಡರು. ಒದ್ದೆಯಾಗಿ ಉಬ್ಬಿಹೋದ ಗಿಟಾರು ರಿಪೇರಿಯಾಗಲಿಲ್ಲ. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ವಿಡಿಯೋ ಎರಡನೇ ಟೇಕಿನವರೆಗೆ ಇದೆ. ಕಳಿಸಲಿಲ್ಲ.

ಡ್ರಮ್ಮರು ಮಾತ್ರ ಈಗಲೂ ನನ್ನ ಸಾಮಾನು ಸಾಗಿಸುತ್ತಾನೆ. ಬಾಕ್ಸನ್ನು ಜೋಪಾನವಾಗಿ ಇಳಿಸುತ್ತಾನೆ. ಅದರ ಮೇಲೆ ತಾಳ ಹಾಕುವುದನ್ನು ಬಿಟ್ಟಿದ್ದಾನೆ. ನಾನೊಮ್ಮೆ ಅಮ್ಮನಿಗೆ ಅಂತ ಹೊಸ ಟಾರ್ಪಾಲುಗಳನ್ನು ತಂದು ಅವನ ಜೀಪಿಗೆ ಹಾಕಿದೆ. ಇದೆಲ್ಲ ಯಾಕೆ ಅಂದ. ಇರಲಿ ಅಂದೆ. ಅವು ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಶೆಡ್ಡಿನಲ್ಲಿವೆಯಂತೆ.

ಬಿಚ್ಚದಿರಲು ಕಾರಣ ನನಗೆ ಮುಂದಿನ ಕೊಯ್ಲಿನಲ್ಲಿ ತಿಳಿಯಿತು. ಯಾರದೋ ಗೃಹಪ್ರವೇಶಕ್ಕೆ ಅತ್ತ ಹೋದವನು ಧೈರ್ಯ ಮಾಡಿ ಅವರ ಮನೆಗೂ ಹೋದೆ. ಸುತ್ತಲಿನ ಕಣಗಳಲ್ಲೆಲ್ಲ ಕಾಫಿ ಹರಡಿತ್ತು. ಅಮ್ಮನ ಕಣ ಖಾಲಿ. ಏನಾಯಿತು ಅಂತ ಕೇಳಿದೆ.

"ಒಣಗ್ಸೋದು ಬಿಟ್ಟೆ ಮಾರಾಯ. ಕೊಯ್ದ ಹಣ್ಣನ್ನ ಅವತ್ತವತ್ತೇ ಮಾರ್ತೀನಿ. ಗಾಡಿ ಬಂದು ತಗೊಂಡು ಹೋಗುತ್ತೆ. ಮೋಡ ನೋಡೋ ಕೆಲ್ಸ ಇಲ್ಲ," ಅಂದರು.

"ಚಿಕ್ಕಮಗಳೂರಿನವರು ಈ ವರ್ಷ ಬರ್ತೀನಿ ಅಂದಿದ್ರಲ್ಲ ಅಮ್ಮ?"

"ಬಂದಿದ್ರು. ಬೇಡ ಅಂದೆ. ನಂಗೆ ಅದೆಲ್ಲ ಆಗೋದಲ್ಲ ಬಿಡು. ಹೆಸ್ರು ಹಾಕಿಸ್ಕೊಂಡು ಎಂತ ಮಾಡೋದು?"

ಅದನ್ನು ಅವರು ಅಷ್ಟು ಹಗುರಾಗಿ ಹೇಳಿದರು. ನಾನು ಅವರು ಕೊಟ್ಟ ಕಾಫಿಯ ಲೋಟದೊಳಗೇ ನೋಡುತ್ತಾ ಕುಳಿತೆ. ಕ್ಷಮಿಸಿ ಅನ್ನಬೇಕು ಅಂತಲೇ ಹೋದವನು. ಕಾಫಿ ಕುಡಿದು ಮುಗಿಸಿದೆ. ಕ್ಷಮಿಸಿ ಅಂದರೆ ಅವರು, ಎಂತಕ್ಕೆ ಅಂತ ಕೇಳುತ್ತಿದ್ದರು. ಎಂತಕ್ಕೆ ಅಂತ ಹೇಳುವುದು?

ಏಳುವಾಗ ಅವರೇ ಬಾಗಿಲವರೆಗೆ ಬಂದರು. ಕಣದ ಕಡೆ ಕೈ ತೋರಿಸಿ, ಮುಖ ಅರಳಿಸಿಕೊಂಡು ಹೇಳಿದರು:

"ನೀವು ಮೂರೂ ಜನ ಬನ್ನಿ ಮಾರಾಯ, ಮೊದ್ಲಿನ ಹಾಗೆ. ಈಗ ಇಡೀ ಕಣ ಖಾಲಿ ಇದೆಯಲ್ಲ. ಮಳೆ ಬಂದ್ರೂ ಎಂತ ಹೆದ್ರಿಕೆ ಇಲ್ಲ. ಎಷ್ಟು ಬೇಕಾದ್ರೂ ಬಾರಿಸ್ಕೊಳ್ಳಿ."

"ಬರ್ತೀವಿ ಅಮ್ಮ. ಭಾನುವಾರ ಬರ್ತೀವಿ," ಅಂದೆ. ಆ ಹೊತ್ತಿಗೆ ಅಲ್ಲಿಂದ ಹೊರಡಬೇಕಿತ್ತು, ಅಂದುಬಿಟ್ಟೆ. ಟೀಚರಿಗೆ ಫೋನು ಮಾಡಲಿಲ್ಲ. ಡ್ರಮ್ಮರನಿಗೂ ಹೇಳಲಿಲ್ಲ.

ಮುಂದಿನ ವಾರ ಅವನು ಬಾಕ್ಸ್ ಇಳಿಸುತ್ತಾ ಯಾವುದೋ ಮಾತಿನ ನಡುವೆ ಹೇಳಿದ. ಭಾನುವಾರ ಬೆಳಿಗ್ಗೆ ಅಮ್ಮ ಕಣ ಗುಡಿಸಿ, ನೀರು ಹಾಕಿ ತೊಳೆದು, ಶೆಡ್ಡಿನಿಂದ ಮೂರು ಕುರ್ಚಿ ತಂದಿಟ್ಟು, ಯಾರಿಗೆ ಅಂತ ಕೇಳಿದರೂ ಹೇಳದೆ, ಸಂಜೆಯವರೆಗೂ ಜಗಲಿಯಲ್ಲಿ ಕುಳಿತಿದ್ದರಂತೆ.